ಮಗಳು ಹಾಡಿನ ಅರ್ಥ ಕೇಳಿದಳು, ಲಟ್ಟಣಿಗೆ ಕೈಯಲ್ಲೇ ನಿಂತಿತು

ಬೆಣ್ಣೆದೋಸೆ ಅಮ್ಮ, ದಾವಣಗೆರೆ

ಎಲ್ಲರಿಗೂ ನಮಸ್ಕಾರ. ನಾನು ಇಲ್ಲಿ ಅಡುಗೆ ವಿಭಾಗ ಬಿಟ್ಟು ಹೊರಗೆ ಬರುವವಳಲ್ಲ. ಇವತ್ತು ಬಂದಿದ್ದೇನೆ. ಸ್ವಲ್ಪ ಉದ್ದ ಆಗುತ್ತದೆ, ಬೇಸರ ಮಾಡಿಕೊಳ್ಳಬೇಡಿ.

ಮಗಳಿಗೆ 13 ವರ್ಷ, ಎಂಟನೇ ಕ್ಲಾಸು. ಸ್ಕೂಲ್ ಡೇಗೆ 14 ಹುಡುಗಿಯರ ಗ್ರೂಪ್ ಡ್ಯಾನ್ಸ್ ಇದೆ. ಹಾಡು ‘ಕಾಲಾ ಚಷ್ಮಾ’. 2016ರ ಹಿಂದಿ ಸಿನಿಮಾದ್ದು. 2022ರಲ್ಲಿ ನಾರ್ವೆಯ ಹುಡುಗರ ತಂಡವೊಂದು ಮದುವೆಯಲ್ಲಿ ಕುಣಿದು ಅದನ್ನು ಮತ್ತೆ ಎಬ್ಬಿಸಿತಲ್ಲ, ಅದೇ. 14 ಜನಕ್ಕೂ ಕರಿ ಕನ್ನಡಕ. ತಲಾ 60 ರೂಪಾಯಿ ನಾವೇ ಕೊಟ್ಟಿದ್ದೇವೆ.

ಮೊನ್ನೆ ಪ್ರಾಕ್ಟೀಸ್ ಮುಗಿಸಿ ಬಂದವಳು ಯೂನಿಫಾರ್ಮ್ ಕೂಡ ಬಿಚ್ಚದೆ ಅಡುಗೆಮನೆ ಕಟ್ಟೆ ಮೇಲೆ ಕೂತಳು. "ಅಮ್ಮ, ಗೋರೇ ಮುಖ್ಡೇ ಅಂದ್ರೆ ಏನು?" ಅಂದಳು. ಬೆಳ್ಳಗಿರೋ ಮುಖ ಅಂದೆ. "ಹಂಗಾದ್ರೆ ಕರಿ ಕನ್ನಡಕ ಬೆಳ್ಳಗಿರೋರಿಗೆ ಮಾತ್ರ ಒಪ್ಪತ್ತಾ?" ಅಂದಳು. ನಾನು ಚಪಾತಿ ಲಟ್ಟಿಸುತ್ತಿದ್ದೆ. "ಸುಮ್ನೆ ಹಾಡು ಕಣೆ ಅದು" ಅಂದುಬಿಟ್ಟೆ.

ಆಮೇಲೆ ಗೊತ್ತಾಯಿತು, ಅವಳನ್ನು ಮೊದಲ ಸಾಲಿನಿಂದ ಮೂರನೇ ಸಾಲಿಗೆ ಹಾಕಿದ್ದಾರೆ. ಕಾರಣ ಕೇಳಿದರೆ ಎತ್ತರ ಅಂದರಂತೆ. ಎತ್ತರದಲ್ಲಿ ಅವಳಿಗಿಂತ ಉದ್ದದವರು ನಾಲ್ಕು ಜನ ಇದ್ದಾರೆ. ಬಣ್ಣದಲ್ಲಿ ಮಾತ್ರ ಗುಂಪಿಗೆಲ್ಲ ಇವಳೇ ಕಪ್ಪು.

ಆ ರಾತ್ರಿ ಅವಳು ಮಲಗಿದ ಮೇಲೆ ಫೋನ್ ತೆಗೆದು ನೋಡಿದೆ. ರೀಲ್ಸ್ ಡ್ರಾಫ್ಟಿನಲ್ಲಿ ಅದೇ ಹಾಡಿನ 11 ವಿಡಿಯೊ. ಒಂದನ್ನೂ ಹಾಕಿಲ್ಲ. ಒಂದಕ್ಕಿಂತ ಒಂದರಲ್ಲಿ ಮುಖ ಬೆಳ್ಳಗಾಗುತ್ತಾ ಹೋಗಿದೆ. ಹನ್ನೊಂದನೆಯದರಲ್ಲಿ ಮೂಗೇ ಸರಿಯಾಗಿ ಕಾಣುವುದಿಲ್ಲ.

ಹಾಡು ಮಕ್ಕಳಿಗೆ ಇಷ್ಟೆಲ್ಲ ಮಾಡುತ್ತದಾ? ಅಥವಾ ನಾನೇ ಜಾಸ್ತಿ ಯೋಚನೆ ಮಾಡುತ್ತಿದ್ದೇನಾ?

ರಾಜಾಜಿನಗರ ರಾಜು

ಮೇಡಂ, ತಪ್ಪು ತಿಳಿಯಬೇಡಿ, ಜಾಸ್ತಿಯೇ ಯೋಚನೆ ಮಾಡುತ್ತಿದ್ದೀರಿ. ಸಾಲು ಬದಲಿಸಿದ್ದು ತಪ್ಪು, ಅದನ್ನು ಟೀಚರ್ ಹತ್ತಿರ ಹೋಗಿ ಕೇಳಿ. ಹಾಡನ್ನು ಯಾಕೆ ಎಳೆಯುತ್ತೀರಿ? ಕವಿಗಳು ಹೆಣ್ಣಿನ ಮುಖಕ್ಕೆ ಚಂದ್ರನನ್ನು ಹೋಲಿಸುವುದು ಸಿನಿಮಾ ಹುಟ್ಟುವುದಕ್ಕೂ ಮೊದಲಿನ ರೂಢಿ. ನಾವು ಚಿತ್ರಮಂಜರಿ ನೋಡಿ ಬೆಳೆದವರು. ಊರಲ್ಲಿ ಒಂದೇ ಟೀವಿ, ನಲವತ್ತು ಜನ. ಯಾರೂ ಹಾಳಾಗಲಿಲ್ಲ.

ಕರಿಬೇವು

ರಾಜು ಸರ್, ಆ ನಲವತ್ತು ಜನರಲ್ಲಿ ಕಪ್ಪಗಿದ್ದ ಹುಡುಗಿಯರನ್ನು ಯಾರಾದರೂ ಕೇಳಿದ್ರಾ? ನಾನು ಆ ಗುಂಪಿನವಳು. ಚಿಕ್ಕಮಗಳೂರು ಕಡೆ ಹಳ್ಳಿ. ಹಾಡು ಮುಗಿದ ಮೇಲೆ ನಮ್ಮ ಮಾವ ನನ್ನನ್ನೇ ನೋಡಿ ಅದರ ಸಾಲು ತಿರುಚಿ ಹಾಡುತ್ತಿದ್ದರು. ಎಲ್ಲರೂ ನಗುತ್ತಿದ್ದರು. ನಾನೂ ನಗುತ್ತಿದ್ದೆ. ನಗದೆ ಇದ್ದರೆ "ಇವಳಿಗೆ ಸಿಟ್ಟು ಬೇರೆ" ಅನ್ನುತ್ತಿದ್ದರಲ್ಲ.

ಹಾಡು ಟೀವಿಯಲ್ಲಿ ಐದು ನಿಮಿಷ ಅಷ್ಟೆ. ಆಮೇಲೆ ಅದು ಮನೆಯವರ ಬಾಯಲ್ಲಿ ವರ್ಷಗಟ್ಟಲೆ ಇರುತ್ತದೆ. ಅದೇ ನನಗೆ ನಾಟಿದ್ದು.

ಇನ್ನೊಂದು ಹೇಳಿ. 2003ರಲ್ಲಿ ದರ್ಶನ್ ಸಿನಿಮಾಕ್ಕೆ ಹೆಸರೇ ‘ಕರಿಯ’. 2007ರ ‘ದುನಿಯಾ’ದಲ್ಲಿ ಹುಡುಗಿ ಹುಡುಗನಿಗೆ ‘ಕರಿಯಾ ಐ ಲವ್ ಯು’ ಅಂತ ಹಾಡುತ್ತಾಳೆ. ಆ ಹಾಡು ನನಗೂ ತುಂಬಾ ಇಷ್ಟ, ಕಪ್ಪು ಹುಡುಗನೂ ಹೀರೊ ಆಗಬಹುದು ಅಂತ ಊರೂರಿಗೆ ಹೇಳಿದ ಹಾಡು ಅದು. ಆದರೆ ಅವನು ತಿರುಗಿ ಅವಳನ್ನು ಏನಂತ ಕರೀತಾನೆ? ‘ಬಿಳಿಯೇ’ ಅಂತ. ಹುಡುಗ ಕಪ್ಪಗಿದ್ದರೆ ಗತ್ತು. ಅವನಿಗೆ ಬಹುಮಾನವಾಗಿ ಸಿಗುವವಳು ಬಿಳಿ ಇರಬೇಕು. ನಮ್ಮ ಕಾಲೇಜಲ್ಲಿ ಹುಡುಗರು ಒಬ್ಬರನ್ನೊಬ್ಬರು ಕರಿಯ ಅಂತ ಪ್ರೀತಿಯಿಂದ ಕೂಗುತ್ತಿದ್ದರು. ನನ್ನನ್ನು ಕರಿ ಅಂತ ಕರೆದಾಗ ಅದರಲ್ಲಿ ಪ್ರೀತಿ ಇರಲಿಲ್ಲ.

ರಾಜಾಜಿನಗರ ರಾಜು

‘ಬಿಳಿಯೇ’ ಅನ್ನುವುದು ಕೇಳಿದ್ದೆ, ಹೀಗೆ ಯೋಚಿಸಿರಲಿಲ್ಲ. ಒಪ್ಪಿದೆ.

ಆದರೂ ಒಂದು ಮಾತು. ಭಾನುವಾರದ ಪೇಪರ್ ತೆಗೆದು ವಧು ಬೇಕಾಗಿದ್ದಾರೆ ಅನ್ನುವ ಪುಟ ನೋಡಿ. ‘ಬೆಳ್ಳಗಿನ, ತೆಳ್ಳಗಿನ’ ಅಂತ ಬರೆಸುವವರು ಹಾಡು ಕೇಳಿ ಬರೆಸುತ್ತಾರಾ? ನಮ್ಮ ಅಜ್ಜಿ ಸಿನಿಮಾ ನೋಡಿದವರೇ ಅಲ್ಲ. ಹೆಣ್ಣು ನೋಡಲು ಹೋದಾಗ ಹುಡುಗಿಯ ಮುಖ ಬಿಟ್ಟು ಮೊಣಕೈ ನೋಡುತ್ತಿದ್ದರು. ಮುಖಕ್ಕೆ ಪೌಡರ್ ಇರುತ್ತೆ, ಮೊಣಕೈ ಸುಳ್ಳು ಹೇಳಲ್ಲ ಅಂತ! ರೋಗ ಮನೆಯಲ್ಲಿದೆ. ಹಾಡು ಅದಕ್ಕೆ ರಾಗ ಹಾಕುತ್ತದೆ ಅಷ್ಟೆ.

ಕರಿಬೇವು

ರಾಗ ಹಾಕಿದ ಮೇಲೆ ಮರೆಯುವುದು ಕಷ್ಟ ಸರ್. ನಿಮ್ಮ ಅಜ್ಜಿ ಹೇಳಿದ್ದನ್ನು ನಾನು ಮರೆತುಬಿಡಬಹುದು. ಪಲ್ಲವಿ ಮರೆಯೋಕೆ ಆಗಲ್ಲ. ಮೊಣಕೈ ಮಾತು ಮಾತ್ರ ಭಯಂಕರ.

ಆರ್ಕೆಸ್ಟ್ರಾ ಅಕ್ಕ, ತುಮಕೂರು

ನಾನು 15 ವರ್ಷದಿಂದ ಸ್ಟೇಜ್ ಮೇಲೆ ಹಾಡುತ್ತಿದ್ದೇನೆ. ಗಣೇಶನ ಪೆಂಡಾಲು, ರಾಜ್ಯೋತ್ಸವ, ಮದುವೆ ರಿಸೆಪ್ಷನ್. ಎಲ್ಲರೂ ಬಣ್ಣದ ಬಗ್ಗೆ ಹೇಳುತ್ತಿದ್ದೀರಿ. ಧ್ವನಿ ಬಗ್ಗೆ ನಾನು ಹೇಳುತ್ತೇನೆ.

ನನ್ನದು ದಪ್ಪ ಧ್ವನಿ. ಕಾಲೇಜು ದಿನಾಚರಣೆಯಲ್ಲಿ ಮೊದಲ ಸಾಲು ಹಾಡುತ್ತಿದ್ದ ಹಾಗೆ ಹಿಂದಿನಿಂದ ಯಾರೋ "ಮೈಕ್ ಹುಡುಗನಿಗೆ ಕೊಟ್ಟಿದ್ದೀರಾ?" ಅಂತ ಕೂಗಿದರು. ಮನೆಗೆ ಬಂದು ಎರಡು ತಿಂಗಳು ಜೋರಾಗಿ ಮಾತೇ ಆಡಿರಲಿಲ್ಲ. ಈಗಲೂ ಡ್ಯುಯೆಟ್ ಹಾಡುವಾಗ ಸ್ಕೇಲ್, ಅಂದರೆ ಶ್ರುತಿ, ಇಳಿಸಿ ಅಂದರೆ ಕೀಬೋರ್ಡ್‌ನವರ ಮುಖ ನೋಡಬೇಕು. ನಾಯಕಿ ಅಂದರೆ ಸಪೂರ ಇರಬೇಕು, ಧ್ವನಿಯೂ ಸಪೂರ ಇರಬೇಕು. ಮೈ ತೆಳ್ಳಗೆ ಮಾಡಿಕೊಳ್ಳೋಕೆ ಜಿಮ್ಮಾದರೂ ಇದೆ. ಗಂಟಲಿಗೆ ಏನು ಮಾಡೋಣ?

ಹಳೆಯ ಹಾಡು ಗಮನಿಸಿ ನೋಡಿ. ನಾಯಕಿ ಸೀರೆ ಉಟ್ಟು ತುಳಸಿಕಟ್ಟೆ ಸುತ್ತಿದರೆ ಸುಶೀಲಮ್ಮ ಅಥವಾ ಜಾನಕಮ್ಮ. ಕ್ಯಾಬರೆ ಅಂದರೆ ಹೆಚ್ಚಾಗಿ ಎಲ್.ಆರ್. ಈಶ್ವರಿ. ಎಂಥಾ ಗಾಯಕಿ ಅವರು! ಆದರೆ ಆ ಖಾರದ ಧ್ವನಿಯನ್ನು ‘ಒಳ್ಳೆ ಮನೆ ಹುಡುಗಿ’ಗೆ ಕೊಟ್ಟಿದ್ದು ಕಡಿಮೆ. ಒಳ್ಳೆಯವಳಿಗೆ ಒಂದು ಧ್ವನಿ, ಕೆಟ್ಟವಳಿಗೆ ಒಂದು ಧ್ವನಿ ಅಂತ ಮೂವತ್ತು ನಲವತ್ತು ವರ್ಷ ಕಿವಿಗೆ ಹಾಕಿದರೆ ಜನ ಅದನ್ನೇ ನಂಬುತ್ತಾರೆ ಅಲ್ವಾ?

ನಮ್ಮ ಗಂಗೂಬಾಯಿ ಹಾನಗಲ್ ಇದ್ದರು. ಗಂಟಲಿನ ಚಿಕಿತ್ಸೆ ಆದ ಮೇಲೆ ಅವರ ಧ್ವನಿ ದಪ್ಪವಾಯಿತು. ಗಂಡು ಧ್ವನಿ ಅಂದರು ಜನ. ಅವರು ಅದೇ ಧ್ವನಿಯಲ್ಲಿ ಹಾಡಿದರು, 2002ರಲ್ಲಿ ಪದ್ಮವಿಭೂಷಣ ಬಂತು. ಶಾಸ್ತ್ರೀಯ ಸಂಗೀತದಲ್ಲಿ ಅದಕ್ಕೆ ಜಾಗ ಇತ್ತು. ಸಿನಿಮಾ ಹಾಡಲ್ಲಿ ನನ್ನ ಪಾಲಿಗೆ ಬಾಗಿಲು ತೆರೆದದ್ದು ಬಿ. ಜಯಶ್ರೀ ಅವರ ‘ಕಾರ್ ಕಾರ್’. 2001, ನಾನಾಗ ಹೈಸ್ಕೂಲು. ಪ್ರೈವೇಟ್ ಬಸ್ಸಿನಲ್ಲಿ ಟೇಪ್ ಹಾಕಿದ್ದರು. ಇದು ಹೆಂಗಸಿನ ಧ್ವನಿ ಅಂತ ಕಂಡಕ್ಟರ್ ಹೇಳಿದ ಮೇಲೆ ಇಳಿಯಬೇಕಾದ ಸ್ಟಾಪ್ ಬಿಟ್ಟು ಮುಂದಿನ ಸ್ಟಾಪಿಗೆ ಹೋಗಿದ್ದೆ.

ಬೆಣ್ಣೆದೋಸೆ ಅಕ್ಕ, ನಿಮ್ಮ ಮಗಳಿಗೆ ಅದನ್ನೊಮ್ಮೆ ಕೇಳಿಸಿ. ಬಣ್ಣಕ್ಕೂ ಅದಕ್ಕೂ ಸಂಬಂಧ ಇಲ್ಲ, ಆದರೂ ಕೇಳಿಸಿ.

ಹಾಂ, ಇನ್ನೊಂದು. ಕಾರ್ಯಕ್ರಮ ಮಾಡಿಸುವವರು ನಮ್ಮ ಟ್ರೂಪಿನವರಿಗೆ ಫೋನ್ ಮಾಡಿದಾಗ ಯಾರು ಚೆನ್ನಾಗಿ ಹಾಡುತ್ತಾರೆ ಅಂತ ಕೇಳುವುದು ಕಡಿಮೆ. "ಲೇಡಿ ಸಿಂಗರ್ ಫೋಟೊ ಕಳಿಸಿ" ಅನ್ನುತ್ತಾರೆ.

ಗ್ರೇಡಿಂಗ್ ರೂಮ್, ಬೆಂಗಳೂರು

ನಾನು ಸಿನಿಮಾದ ಡಿಐ ಕೆಲಸದವನು. ಅಂದರೆ ಶೂಟ್ ಆದ ಮೇಲೆ ಬಣ್ಣ ಸರಿ ಮಾಡುವ ಕತ್ತಲೆ ಕೋಣೆ. ಒಳಗಿನ ವಿಷಯ ಸ್ವಲ್ಪ ಹೇಳುತ್ತೇನೆ, ನಿಮ್ಮ ಮಗಳಿಗೆ ಉಪಯೋಗ ಆಗಬಹುದು.

ಫೈಟ್ ಸೀನ್ ಬಂದರೆ ಡೈರೆಕ್ಟರ್ ಆಕಾಶ ನೋಡುತ್ತಾರೆ, ಧೂಳು ನೋಡುತ್ತಾರೆ. ಹಾಡು ಬಂದರೆ ಮೊದಲ ಮಾತೇ "ಮೇಡಂ ಸ್ಕಿನ್ ನೋಡಿ". ಮುಖದ ಸುತ್ತ ಒಂದು ಗೆರೆ ಹಾಕುತ್ತೇವೆ. ಮುಖ ಅಲ್ಲಾಡಿದ ಹಾಗೆ ಗೆರೆಯೂ ಅಲ್ಲಾಡುತ್ತದೆ, ಅದನ್ನು ಟ್ರ್ಯಾಕಿಂಗ್ ಅನ್ನುತ್ತಾರೆ. ಆ ಗೆರೆಯ ಒಳಗೆ ಮಾತ್ರ ಬೆಳಕು ಏರಿಸಿ ಚರ್ಮ ನಯ ಮಾಡುತ್ತೇವೆ. ಮೊಡವೆ, ಕಣ್ಣ ಕೆಳಗಿನ ಕಪ್ಪು, ಕತ್ತಿನ ಗೆರೆ ಎಲ್ಲ ಹೋಗುತ್ತದೆ. ಸೊಂಟ ಸಪೂರ ಮಾಡುವುದಿದ್ದರೆ ಗ್ರಾಫಿಕ್ಸ್‌ನವರಿಗೆ ಹೋಗುತ್ತದೆ. ಹೀರೊ ಮುಖಕ್ಕೂ ಕೆಲಸ ಇರುತ್ತದೆ, ಇಲ್ಲ ಅಂದರೆ ಸುಳ್ಳಾಗುತ್ತದೆ. ಆದರೆ ಅಲ್ಲಿ "ಜಾಸ್ತಿ ನಯ ಬೇಡ ಗುರು, ರಗಡ್ ಇರಲಿ" ಅನ್ನುತ್ತಾರೆ.

ನಾಲ್ಕು ನಿಮಿಷದ ಹಾಡಿಗೆ ಮೂರು ದಿನ ಕೂತದ್ದಿದೆ. ಹಾಗಾಗಿ ಆ ಪರದೆ ಮೇಲಿನ ಹುಡುಗಿ ಒಬ್ಬಳಲ್ಲ. ಮುಖ ಒಬ್ಬರದು. ಮಾತು ಎಷ್ಟೋ ಸಲ ಡಬ್ಬಿಂಗ್ ಕಲಾವಿದೆಯದು. ಹಾಡು ಮುಂಬೈ ಸ್ಟುಡಿಯೊದಲ್ಲಿ ಹಾಡಿದವರದು. ಚರ್ಮ ನನ್ನದು! ನಿಮ್ಮ ಮಗಳು ಒಬ್ಬಳೇ ಕನ್ನಡಿ ಮುಂದೆ ನಿಂತು ಇಷ್ಟೂ ಜನರ ಜೊತೆ ತನ್ನನ್ನು ಹೋಲಿಸಿಕೊಳ್ಳುತ್ತಿದ್ದಾಳೆ. ಅವಳ ಫೋನಿನ ಫಿಲ್ಟರ್ ಮಾಡುವುದು ನಾನು ಮಾಡುವ ಕೆಲಸವನ್ನೇ. ನಾನು ಸಂಬಳಕ್ಕೆ ಮಾಡುತ್ತೇನೆ, ಅವಳು ರಾತ್ರಿ ನಿದ್ದೆಗೆಟ್ಟು ಮಾಡುತ್ತಿದ್ದಾಳೆ.

ಇದನ್ನು ಬರೆದು ನನಗೇ ಒಂಥರಾ ಆಯಿತು. ಕೆಲಸ ಬಿಡುತ್ತೀಯಾ ಅಂತ ಕೇಳಬೇಡಿ, ಇಎಂಐ ಇದೆ.

ಕರಿಬೇವು

‘ಚರ್ಮ ನನ್ನದು’ ಓದಿ ನಕ್ಕೆ, ಆಮೇಲೆ ನಗು ನಿಂತಿತು.

ಪರ್ಪಲ್ ಹಾರ್ಟ್, ಮಂಗಳೂರು

ನನಗೆ 20 ವರ್ಷ. ಈ ಚರ್ಚೆಯಲ್ಲಿ ಹುಡುಗಿಯರ ವಯಸ್ಸಿಗೆ ಹತ್ತಿರ ಇರುವವಳು ನಾನೊಬ್ಬಳೇ ಅನ್ನಿಸುತ್ತದೆ.

ಆಂಟಿ, ಮೊದಲು ಒಂದು ವಿಷಯ. ಡ್ರಾಫ್ಟ್ ನೋಡಿದ್ದನ್ನು ಮಗಳಿಗೆ ಹೇಳಿದ್ದೀರಾ? ಹೇಳಿಲ್ಲ ಅಂದರೆ ಹೇಳಿಬಿಡಿ. ತಾನಾಗಿ ಗೊತ್ತಾದರೆ ಮುಂದಿನ ಹನ್ನೊಂದು ವಿಡಿಯೊ ನಿಮಗೆ ಸಿಗದ ಜಾಗದಲ್ಲಿ ಇರುತ್ತವೆ.

ನಿಮ್ಮ ಕಾಲದಲ್ಲಿ ಹಾಡು ಟೀವಿಯಲ್ಲಿ ಇತ್ತು, ನೀವು ಚಾಪೆ ಮೇಲೆ ಇದ್ದಿರಿ. ಈಗ ಹಾಡಿನ ಒಳಗೆ ನಾವೇ ನಿಲ್ಲಬೇಕು. 2020ರ ಜೂನ್ ಕೊನೆಗೆ ಟಿಕ್‌ಟಾಕ್ ಬಂದ್ ಆಯಿತು, ಜುಲೈಯಲ್ಲಿ ರೀಲ್ಸ್ ಬಂತು. ಲಾಕ್‌ಡೌನ್, ಸ್ಕೂಲಿಲ್ಲ, ಕೈಯಲ್ಲಿ ಫೋನು. ಹದಿನೈದು ಸೆಕೆಂಡಿನ ಹಾಡಿಗೆ ನಾಯಕಿ ಜಾಗದಲ್ಲಿ ನಮ್ಮ ಮುಖ. ಅಲ್ಲಿ ಲೈಕ್ ಬರದಿದ್ದರೆ ಹಾಡು ಸೋತಿತು ಅನ್ನಿಸಲ್ಲ, ನಾನು ಸೋತೆ ಅನ್ನಿಸುತ್ತದೆ. 2021ರಲ್ಲಿ ಫೇಸ್‌ಬುಕ್ ಕಂಪನಿಯ ಒಳಗಿನ ಕಾಗದಗಳು ಹೊರಗೆ ಬಂದಿದ್ದವು. ಮೊದಲೇ ಮೈ ಬಗ್ಗೆ ಬೇಜಾರಿದ್ದ ಹುಡುಗಿಯರಲ್ಲಿ 32% ಮಂದಿ, ಇನ್‌ಸ್ಟಾಗ್ರಾಂನಿಂದ ಅದು ಇನ್ನೂ ಜಾಸ್ತಿ ಆಯಿತು ಅಂದಿದ್ದರಂತೆ. ಅವರದ್ದೇ ಸಮೀಕ್ಷೆ ಅದು.

ನನ್ನ ಕಥೆ ಕೆ-ಪಾಪ್, ಅಂದರೆ ಕೊರಿಯಾದ ಪಾಪ್ ಹಾಡುಗಳು. ಬಾಲಿವುಡ್ ಬೇಡ ಅಂತ ಓಡಿ ಅಲ್ಲಿಗೆ ಹೋದವಳು. ಅಲ್ಲಿ ‘ಗ್ಲಾಸ್ ಸ್ಕಿನ್’. ಗಾಜಿನ ಹಾಗೆ ಹೊಳೆಯುವ ಚರ್ಮ ಅಂತೆ. ಮಂಗಳೂರಿನ ಸೆಕೆಯಲ್ಲಿ ಹೊಳೆಯುವುದು ಬೆವರು ಮಾತ್ರ! ಗಾಯಕಿಯರ ಹೆಸರಿನ ಡಯಟ್‌ಗಳು ನೆಟ್ಟಿನಲ್ಲಿ ತಿರುಗುತ್ತವೆ. ನಾನೂ ಒಂದು ಮಾಡಿದೆ. ಆರನೇ ದಿನ ಬಸ್ ಸ್ಟಾಪಿನಲ್ಲಿ ಕಣ್ಣು ಕತ್ತಲೆ ಬಂದು ಕೂತುಬಿಟ್ಟೆ. ಮೀನು ಮಾರುವ ಬಾಯಮ್ಮ ಒಬ್ಬರು ಸೋಡ ಕುಡಿಸಿ "ಎಂತ ಮಗಾ, ಊಟ ಮಾಡ್ಲಿಲ್ವಾ?" ಅಂದರು.

ತಮಾಷೆ ಏನು ಗೊತ್ತಾ? ಅದೇ ಕೆ-ಪಾಪ್‌ನ ಬಿಟಿಎಸ್ ಹುಡುಗರ ತಂಡದವರು 2018ರಲ್ಲಿ ವಿಶ್ವಸಂಸ್ಥೆಗೆ ಹೋಗಿ, ಮೈಬಣ್ಣ ಏನೇ ಇರಲಿ, ಎಲ್ಲಿಯವರೇ ಆಗಿರಲಿ, ನಿಮ್ಮ ಮಾತು ನೀವು ಆಡಿ ಅಂತ ಹೇಳಿ ಬಂದರು. ಆ ಮಾತು ಕೇಳಿ ನಾನು ಅತ್ತಿದ್ದೇನೆ. ಅವರ ಹಾಡಿಂದ ರಾತ್ರಿಗಳು ಕಳೆದಿವೆ, ನಿಜವಾಗಲೂ. ಹಾಗಾಗಿ ಮಗಳ ಹಾಡು ಕಿತ್ತುಕೊಳ್ಳಬೇಡಿ ಆಂಟಿ. ಹಾಡು ಬಿಟ್ಟರೆ ಅವಳ ಹತ್ತಿರ ಮಾತಾಡುವವರು ಯಾರೂ ಇಲ್ಲದೆ ಇರಬಹುದು.

ಮೆಡಿಕಲ್ ಶಾಪ್ ಅಣ್ಣ, ಹಾವೇರಿ

ಹಾಡಿನ ಬಗ್ಗೆ ನನಗೆ ಗೊತ್ತಿಲ್ಲ. ಮದುವೆ ಸೀಸನ್ನು, ಸ್ಕೂಲ್ ಡೇ ಸೀಸನ್ನು ಬಂದರೆ ನನ್ನ ಅಂಗಡಿಗೆ ಹುಡುಗಿಯರು ಬರುತ್ತಾರೆ. ಮೊಬೈಲಲ್ಲಿ ಟ್ಯೂಬಿನ ಫೋಟೊ ತೋರಿಸಿ "ಇದು ಕೊಡ್ರಿ" ಅನ್ನುತ್ತಾರೆ. ನೋಡಿದರೆ ಸ್ಟೀರಾಯ್ಡ್ ಮುಲಾಮು, ಜೊತೆಗೆ ಬ್ಲೀಚ್ ಮಾಡುವ ಔಷಧಿ ಬೆರೆಸಿದ್ದು. ಎರಡು ವಾರಕ್ಕೆ ಬೆಳ್ಳಗೆ ಕಾಣುತ್ತದೆ, ಅದು ಸುಳ್ಳಲ್ಲ. ಆಮೇಲೆ ಚರ್ಮ ತೆಳುವಾಗುತ್ತದೆ, ಬಿಸಿಲಿಗೆ ಹೋದರೆ ಉರಿ, ಮುಖ ಕೆಂಪು, ಮೊಡವೆ, ಕೆಲವರಿಗೆ ಗಲ್ಲದ ಮೇಲೆ ಕೂದಲು. ಬಿಟ್ಟರೆ ಇನ್ನೂ ಜೋರಾಗಿ ಬರುತ್ತದೆ ಅಂತ ಬಿಡುವುದಿಲ್ಲ. 2018ರಲ್ಲಿ ಇಂಥ ಮುಲಾಮುಗಳನ್ನು ಡಾಕ್ಟರ್ ಚೀಟಿ ಇಲ್ಲದೆ ಮಾರಬಾರದು ಅಂತ ಸರ್ಕಾರ ನಿಯಮ ಬಿಗಿ ಮಾಡಿತು. ನಾನು ಕೊಡುವುದಿಲ್ಲ. ಮುಂದಿನ ಅಂಗಡಿಯಲ್ಲಿ ಸಿಗುತ್ತದೆ, ಅದೂ ಗೊತ್ತು.

ಮೇಡಂ, ಮಗಳ ಬ್ಯಾಗಿನಲ್ಲಿ ಇಂಥದ್ದು ಏನಾದರೂ ಇದ್ದರೆ ಬೈಯಬೇಡಿ. ಒಮ್ಮೆಲೇ ನಿಲ್ಲಿಸಲೂ ಬೇಡಿ, ಚರ್ಮದ ಡಾಕ್ಟರಿಗೆ ತೋರಿಸಿ.

ಎಡಿಸನ್ ಕನ್ನಡಿಗ, ನ್ಯೂಜೆರ್ಸಿ

2020 ಒಂದು ವಿಚಿತ್ರ ವರ್ಷ. ಇಲ್ಲಿ ಕಪ್ಪು ಜನರ ಪರವಾಗಿ ಬೀದಿ ಬೀದಿಯಲ್ಲಿ ಮೆರವಣಿಗೆ. ಅದರ ಬಿಸಿ ಅಲ್ಲಿಗೂ ತಟ್ಟಿತು. ಮದುವೆ ವೆಬ್‌ಸೈಟ್ ಒಂದು ಮೈಬಣ್ಣದ ಫಿಲ್ಟರ್ ತೆಗೆಯಿತು. 1975ರಿಂದ ಮಾರುತ್ತಿದ್ದ ಫೇರ್ ಅಂಡ್ ಲವ್ಲಿ ಹೆಸರು ಬದಲಿಸಿ ಗ್ಲೋ ಅಂಡ್ ಲವ್ಲಿ ಆಯಿತು. ಅದೇ ವರ್ಷ ‘ಖಾಲಿ ಪೀಲಿ’ ಅನ್ನುವ ಹಿಂದಿ ಸಿನಿಮಾದ ಹಾಡು ಬಂತು. ಗೋರಿಯಾ, ನಿನ್ನನ್ನು ನೋಡಿದರೆ ಬಿಯಾನ್ಸೆ ನಾಚಿಕೊಳ್ಳುತ್ತಾಳೆ ಅಂತ. ಜಗತ್ತೇ ಕೊಂಡಾಡುವ ಕಪ್ಪು ಗಾಯಕಿ ನಾಚಬೇಕಂತೆ, ಬಿಳಿ ಹುಡುಗಿಯನ್ನು ನೋಡಿ! ಜನ ಉಗಿದರು. ಮೊದಲು ಹೆಸರಿನ ಸ್ಪೆಲಿಂಗ್ ಬದಲಿಸಿದರು. ಇನ್ನೂ ಉಗಿದ ಮೇಲೆ ಬಿಯಾನ್ಸೆ ತೆಗೆದು ‘ದುನಿಯಾ’ ಅಂತ ಹಾಕಿದರು.

ಗೋರಿಯಾ ಅಂದರೆ ಸುಮ್ನೆ ಹುಡುಗಿ ಅಂತ, ಬಣ್ಣ ಅಲ್ಲ ಅನ್ನೋದು ಅವರ ಸಮಜಾಯಿಷಿ. ನನಗೆ ಅದೇ ಜಾಸ್ತಿ ಬೇಜಾರಾದದ್ದು. ಹುಡುಗಿ ಅನ್ನುವುದಕ್ಕೇ ‘ಬಿಳಿಯವಳು’ ಅನ್ನುವ ಶಬ್ದ ಸಾಕು ಅಂತಾದರೆ ನನ್ನ ಮಗಳು ಏನು?

ಅಜ್ಜಿಮನೆ ಜಗಲಿ, ಬೈಲಹೊಂಗಲ

ನಮ್ಮ ಕಡೆ ಬೀಸುವ ಕಲ್ಲಿನ ಮುಂದೆ ಹಾಡುವ ಒಂದು ಹಳೆಯ ತ್ರಿಪದಿ ಇದೆ. ಹೆಂಡತಿ ಕಪ್ಪು ಅಂತ ಕೊರಗಬೇಡ, ನೇರಳೆ ಹಣ್ಣೂ ಕಪ್ಪೇ, ತಿಂದು ನೋಡು ರುಚಿ ಅಂತ ಅದರ ಅರ್ಥ. ನಮ್ಮ ಜನಪದದಲ್ಲಿ ಕಪ್ಪಿಗೂ ಮರ್ಯಾದೆ ಇತ್ತು. ದ್ರೌಪದಿಯ ಇನ್ನೊಂದು ಹೆಸರೇ ಕೃಷ್ಣೆ.

ಕರಿಬೇವು

ಚೆಂದ ಇದೆ ಸರ್, ನನಗೂ ಗೊತ್ತು ಆ ಹಾಡು. ಆದರೆ ಅದನ್ನು ಹೇಳುತ್ತಿರುವುದು ಗಂಡನಿಗೆ, ಸಮಾಧಾನ ಮಾಡಿಕೋ ಅಂತ. ತಿಂದು ನೋಡುವವನು ಅವನೇ. ಹಣ್ಣಿನ ಹತ್ತಿರ ಯಾರೂ ಕೇಳಿಲ್ಲ.

ಅಜ್ಜಿಮನೆ ಜಗಲಿ, ಬೈಲಹೊಂಗಲ

ತಂಗಿ, ಒಂದು ತಕರಾರು ಐತಿ. ಆ ಹಾಡು ಕಟ್ಟಿದವರು ಗಂಡಸರಲ್ಲ. ಬೀಸುವಾಗ ಹಾಡುತ್ತಿದ್ದವರು ಹೆಂಗಸರೇ. ಗಂಡನಿಗೆ ನೇರವಾಗಿ ಹೇಳಲಾಗದ್ದನ್ನು ಕಲ್ಲಿಗೆ ಹೇಳಿದ್ದು ಅದು. ನಮ್ಮವ್ವ ಕಪ್ಪಗಿದ್ದಳು. ಅಪ್ಪ ಜಗಲಿ ಮೇಲೆ ಕೂತಾಗಲೇ ಆ ತ್ರಿಪದಿ ಜೋರಾಗಿ ಹಾಡುತ್ತಿದ್ದಳು, ಕಲ್ಲು ಖಾಲಿ ಇದ್ದರೂ.

ಕರಿಬೇವು

ಇದು ಗೊತ್ತಿರಲಿಲ್ಲ. ನಿಮ್ಮವ್ವನಿಗೆ ನಮಸ್ಕಾರ.

ಬೆಣ್ಣೆದೋಸೆ ಅಮ್ಮ, ದಾವಣಗೆರೆ

ಹದಿನೈದು ದಿನ ಆಯಿತು, ಕ್ಷಮಿಸಿ. ಎಲ್ಲರದ್ದೂ ಎರಡೆರಡು ಸಲ ಓದಿದ್ದೇನೆ.

ಡ್ರಾಫ್ಟ್ ನೋಡಿದ್ದನ್ನು ಮಗಳಿಗೆ ಹೇಳಿದೆ. ಎರಡು ದಿನ ಮಾತು ಬಿಟ್ಟಳು. ಮೂರನೇ ದಿನ ಗ್ರೇಡಿಂಗ್ ರೂಮ್ ಅಣ್ಣ ಬರೆದದ್ದನ್ನು ಓದಿಸಿದೆ. "ಮೂರು ದಿನ ಕೂರ್ತಾರಾ? ನಾನು ಎರಡೇ ತಾಸು ಕೂತಿದ್ದು" ಅಂದಳು. ಬ್ಯಾಗಿನಲ್ಲಿ ಟ್ಯೂಬ್ ಏನೂ ಇರಲಿಲ್ಲ, ಪುಣ್ಯ. ‘ಕಾರ್ ಕಾರ್’ ಕೇಳಿಸಿದೆ. ಅವಳಿಗಿಂತ ಅವರಪ್ಪನಿಗೆ ಖುಷಿ, ಈಗ ಸ್ನಾನ ಮಾಡುವಾಗ ಅದೇ.

ಟೀಚರ್ ಹತ್ತಿರ ಹೋಗಿ ಕೇಳಿದೆ. ಬಣ್ಣ ಗಿಣ್ಣ ಏನಿಲ್ಲ ಮೇಡಂ, ಎತ್ತರವೇ ಅಂದರು. ಸಾಲು ಬದಲಾಗಲಿಲ್ಲ. ಡ್ಯಾನ್ಸ್ ಬಿಡುತ್ತೀಯಾ ಅಂದರೆ ಬಿಡಲ್ಲ ಅಂದಳು. ಸ್ಟೆಪ್ಸ್ ಚೆನ್ನಾಗಿ ಬರುತ್ತೆ ನಂಗೆ ಅಂದಳು.

ನಿನ್ನೆ ಸ್ಕೂಲ್ ಡೇ ಆಯಿತು. ಮೇಕಪ್‌ನವರು ಒಂದೇ ಡಬ್ಬಿ ತಂದಿದ್ದರು. ಸಾಲಾಗಿ ನಿಲ್ಲಿಸಿ ಎಲ್ಲರಿಗೂ ಅದೇ ಪ್ಯಾನ್‌ಕೇಕ್ ಒದ್ದೆ ಸ್ಪಂಜಿನಲ್ಲಿ ಬಳಿದರು. ಟೈಮಿಲ್ಲ ಅಂತ ಕುತ್ತಿಗೆ, ಕೈ ಬಿಟ್ಟರು. ಇವತ್ತು ಬೆಳಿಗ್ಗೆ ವಾಟ್ಸಾಪ್ ಗ್ರೂಪಿಗೆ ಫೋಟೊ ಬಂತು. ಮುಖದ ತುಂಬ ಬಣ್ಣ, ಅದರ ಮೇಲೆ ಕರಿ ಕನ್ನಡಕ. 14 ಮುಖಗಳಲ್ಲಿ ನನ್ನ ಮಗಳು ಯಾವುದು ಅಂತ ನನಗೇ ತಿಳಿಯಲಿಲ್ಲ. ಅವಳು ಬೆರಳಲ್ಲಿ ಫೋಟೊ ದೊಡ್ಡದು ಮಾಡಿ, ಮುಖಗಳನ್ನೆಲ್ಲ ದಾಟಿ ಕೆಳಗೆ ಹೋಗಿ, ಮೂರನೇ ಸಾಲಿನ ಸಂದಿಯಲ್ಲಿ ಸೊಂಟದ ಮೇಲಿಟ್ಟ ಒಂದು ಕೈ ತೋರಿಸಿ "ಇಲ್ಲಿದೀನಿ ನೋಡು" ಅಂದಳು.